ಲಸಿಕೆ ಸಮಿತಿ ಕೊಡುವುದು ಸಲಹೆಯೋ, ಶಿಫಾರಸೋ?

ಮಾನ್ಯರೇ,

ಬೆಂಗಳೂರಿನ ಒಂದು ಆರೋಗ್ಯ ಪ್ರದರ್ಶನಕ್ಕಾಗಿ ಲಸಿಕೆ ನೀತಿ ಮತ್ತು ಕಾನೂನನ್ನು ಕುರಿತ ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಶುಕ್ರವಾರ ಸಂಜೆಯೊಳಗೆ ಅದು ಮುದ್ರಣಕ್ಕೆ ಹೋಗಬೇಕು. ಇಂಗ್ಲೆಂಡಿನ ತಜ್ಞರ ಸಮಿತಿಯನ್ನು ಕುರಿತ ಭಾಗದಲ್ಲಿ ‘ಅಡ್ವೈಸ್’ ಮತ್ತು ‘ರೆಕಮೆಂಡೇಶನ್’ ಎರಡೂ ಬರುತ್ತವೆ. ನಾನು ಎರಡಕ್ಕೂ ‘ಸಲಹೆ’ ಎಂದು ಬರೆದಿದ್ದೆ. ಸಂಪಾದಕರು ಎರಡನೆಯದನ್ನು ‘ಶಿಫಾರಸು’ ಎಂದು ತಿದ್ದಿದ್ದಾರೆ. ಶಿಫಾರಸು ಎಂದೊಡನೆ ನಮ್ಮ ಜನರಿಗೆ ನೆನಪಾಗುವುದು ಕಾಲೇಜು ಸೀಟಿಗೋ ವರ್ಗಾವಣೆಗೋ ಶಾಸಕರಿಂದ ತರುವ ಪತ್ರ. ವೈದ್ಯರ ಸಮಿತಿಗೆ ಅದು ಒಪ್ಪುತ್ತದೆಯೇ? ‘ತಜ್ಞರು’ ಎಂಬುದಕ್ಕೆ ಇನ್ನೂ ತಿಳಿಯಾದ ಪದವಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.

— ಅನುವಾದಕಿ, ಜಯನಗರ

*

‘ಸಲಹೆ’ ಅಚ್ಚಗನ್ನಡ. ‘ಸಲಹು’ ಎಂಬ ಕ್ರಿಯೆಯಿಂದ ಬಂದದ್ದು. ಕಾಪಾಡುವವರು ಹೇಳುವ ಮಾತೇ ಸಲಹೆ. ಲಸಿಕೆಯೂ ಕಾಪಾಡುವಂಥದ್ದೇ ಆಗಿರುವುದರಿಂದ ಇದಕ್ಕಿಂತ ಹೊಂದುವ ಪದ ಸಿಗದು. ‘ಶಿಫಾರಸು’ ಪಾರಸಿಯದು, ಕಿತ್ತುಹಾಕಿ. ‘ತಜ್ಞ’ ಸಂಸ್ಕೃತದ್ದು, ‘ಬಲ್ಲಿದರ ಕೂಟ’ ಎಂದು ಬರೆಯಿರಿ.

— ಮಲ್ಲೇಶ್ವರ

*

‘ಸಲಹು’ವಿನಿಂದ ‘ಸಲಹೆ’ ಹುಟ್ಟಿಲ್ಲ. ಅದು ಅರಬ್ಬಿಯ ‘ಸಲಾಹ್’. ಮರಾಠಿಯಲ್ಲಿ ‘ಸಲ್ಲಾ’ ಆಗಿರುವ ಪದವೇ ನಮ್ಮಲ್ಲಿ ಎಕಾರಾಂತವಾಗಿದೆ. ಪಾರಸಿಯದನ್ನು ಹೊರಗಟ್ಟಿ ಅರಬ್ಬಿಯದನ್ನು ಮನೆಮಗಳೆಂದು ಒಳಗೆ ಕರೆಯುವುದು ಯಾವ ಮಡಿಯೋ ತಿಳಿಯದು. ಇನ್ನು ವಚನಗಳಲ್ಲಿ ಬಲ್ಲಿದನೆಂದರೆ ಬಲಶಾಲಿ. ‘ಬಲ್ಲಿದರ ಕೂಟ’ ಎಂದು ಬರೆದರೆ ಓದುಗರು ಗರಡಿಮನೆ ಎಂದುಕೊಂಡಾರು. ‘ತಜ್ಞರು’ ಇರಲಿ.

ಅನುವಾದಕಿಯವರ ಪ್ರಶ್ನೆಗೆ ಉತ್ತರ ನಿಘಂಟಿಗಿಂತ ಕಾನೂನಿನಲ್ಲಿ ಸಿಗುತ್ತದೆ. ಬ್ರಿಟನ್ನಿನ ಲಸಿಕೆ ಮತ್ತು ರೋಗನಿರೋಧದ ಜಂಟಿ ಸಮಿತಿ 1963ರಿಂದ ಇದೆ. ಇಂಗ್ಲೆಂಡಿನಲ್ಲಿ ಅದರ ಮಾತಿಗೆ ಸಚಿವರನ್ನು ಕಟ್ಟಿಹಾಕುವ ಬಲ ಬಂದದ್ದು 2009ರ ನಿಯಮಗಳಿಂದ. ಆರೋಗ್ಯ ಸಚಿವರೇ ಪ್ರಶ್ನೆಯನ್ನು ಒಪ್ಪಿಸಿದ್ದು, ಅದು ರಾಷ್ಟ್ರೀಯ ಲಸಿಕೆ ಕಾರ್ಯಕ್ರಮಕ್ಕೆ ಹೊಸದನ್ನು ಸೇರಿಸುವುದಕ್ಕೋ ಇರುವುದನ್ನು ಬದಲಿಸುವುದಕ್ಕೋ ಸಂಬಂಧಿಸಿದ್ದು, ಖರ್ಚಿಗೆ ತಕ್ಕ ಫಲವಿದೆಯೆಂದು ಸಮಿತಿ ಲೆಕ್ಕಹಾಕಿ ತೋರಿಸಿದರೆ, ಆಗ ಕೊಡುವ ಉತ್ತರ ‘ರೆಕಮೆಂಡೇಶನ್’; ಅದನ್ನು ಸಾಧ್ಯವಾದ ಮಟ್ಟಿಗೆ ಜಾರಿಗೆ ತರುವ ಏರ್ಪಾಡು ಮಾಡುವುದು ಸಚಿವರ ಕರ್ತವ್ಯ. ಪ್ರವಾಸಿಗರಿಗೆ ಅಥವಾ ಉದ್ಯೋಗದ ಕಾರಣಕ್ಕೆ ಕೊಡುವ ಲಸಿಕೆಗಳ ಬಗ್ಗೆ ಅದೇ ಸಮಿತಿ ಹೇಳಿದ್ದಕ್ಕೆ ಈ ಬಲವಿಲ್ಲ. ಎರಡಕ್ಕೂ ಒಂದೇ ಪದ ಹಾಕಿದರೆ ಫಲಕ ತಪ್ಪು ಹೇಳಿದಂತಾಗುತ್ತದೆ. ಸಂಪಾದಕರು ಮಾಡಿದ್ದು ಸರಿ.

ಆದರೆ ‘ಶಿಫಾರಸು’ ಎಂದು ಬರೆದ ಮಾತ್ರಕ್ಕೆ ಕಡ್ಡಾಯದ ಅರ್ಥ ಬಂದುಬಿಡುತ್ತದೆಂದು ಯಾರೂ ತಿಳಿಯಬಾರದು. ನಮ್ಮ ಸಂವಿಧಾನದ 74ನೆಯ ಅನುಚ್ಛೇದದಲ್ಲಿ ಮಂತ್ರಿಮಂಡಲ ರಾಷ್ಟ್ರಪತಿಗೆ ಕೊಡುವುದು ‘ಸಲಹೆ’. ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸಬಹುದಾದರೂ ಕೊನೆಗೆ ರಾಷ್ಟ್ರಪತಿ ಅದರಂತೆಯೇ ನಡೆಯತಕ್ಕದ್ದು. ಜಿಎಸ್‌ಟಿ ಮಂಡಳಿ ಮಾಡುವುದು ‘ಶಿಫಾರಸು’. ಅದಕ್ಕೆ ಕೇಂದ್ರವೂ ರಾಜ್ಯಗಳೂ ಕಟ್ಟುಬಿದ್ದಿಲ್ಲವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಲಸಿಕೆಯ ವಿಷಯಕ್ಕೇ ಬಂದರೆ, ನಮ್ಮ ರಾಷ್ಟ್ರೀಯ ತಾಂತ್ರಿಕ ಸಲಹಾ ಗುಂಪು 2001ರಲ್ಲಿ ಸರ್ಕಾರಿ ಆದೇಶದಿಂದ ಹುಟ್ಟಿದ್ದು. ಅದೂ ಶಿಫಾರಸನ್ನೇ ಮಾಡುತ್ತದೆ, ತೀರ್ಮಾನ ಮಾತ್ರ ಸಚಿವಾಲಯದ್ದು. ಆದ್ದರಿಂದ ಕಟ್ಟುಪಾಡನ್ನು ಕ್ರಿಯಾಪದಕ್ಕೆ ಹೊರಿಸಿ, ನಾಮಪದವನ್ನು ಅದರ ಪಾಡಿಗೆ ಬಿಡಿ: ‘ಸಮಿತಿಯ ಶಿಫಾರಸನ್ನು ಸಚಿವರು ಸಾಧ್ಯವಾದ ಮಟ್ಟಿಗೆ ಜಾರಿಗೆ ತರತಕ್ಕದ್ದು.’

ಫಲಕದಲ್ಲಿ ಅಮೆರಿಕವೂ ಇದ್ದರೆ, ಶಿಫಾರಸಿಗೆ ಕಟ್ಟುಬೀಳುವವರು ಯಾರೆಂಬುದನ್ನೂ ಬರೆಯಬೇಕು. ಅಲ್ಲಿನ ಸಮಿತಿ ಶಿಫಾರಸು ಮಾಡಿ ರೋಗ ನಿಯಂತ್ರಣ ಕೇಂದ್ರ ಒಪ್ಪಿದ ಲಸಿಕೆಗಳ ಖರ್ಚನ್ನು ಬಹುತೇಕ ಖಾಸಗಿ ವಿಮೆಗಳು ಭರಿಸಬೇಕೆಂದು 2010ರ ಕಾಯಿದೆ ಹೇಳುತ್ತದೆ. ಸಮಿತಿಯ ಸದಸ್ಯರನ್ನು ಆರಿಸುವ ಅಧಿಕಾರವಾದರೋ ಆರೋಗ್ಯ ಸಚಿವರ ಕೈಯಲ್ಲಿದೆ; 2025ರ ಜೂನ್‌ನಲ್ಲಿ ಸಚಿವ ರಾಬರ್ಟ್ ಎಫ್. ಕೆನಡಿ ಜೂನಿಯರ್ ಅವರು 17 ಸದಸ್ಯರನ್ನೂ ಒಟ್ಟಿಗೇ ತೆಗೆದುಹಾಕಿದರು. ಶಿಫಾರಸು ವಿಮೆಗಳಿಗೆ ಕಡ್ಡಾಯ, ಆದರೆ ಶಿಫಾರಸು ಮಾಡುವವರ ಸ್ಥಾನ ಭದ್ರವಲ್ಲ. ‘ತಜ್ಞರ ಸ್ವತಂತ್ರ ಸಮಿತಿ’ ಎಂದು ಬರೆಯುವ ಮುನ್ನ ಇದು ನೆನಪಿರಲಿ.

— ಬಸವನಗುಡಿ

*

ವ್ಯುತ್ಪತ್ತಿಯ ಚರ್ಚೆ ಇಲ್ಲಿಗೆ ಮುಗಿಯದು. ಅರಬ್ಬಿ, ಪಾರಸಿ ಎಲ್ಲಕ್ಕೂ ಬಾಗಿಲು ತೆರೆದಿಟ್ಟವರೇ ನಾಳೆ ‘ರೆಕಮೆಂಡೇಶನ್’ ಕೂಡ ಕನ್ನಡವೇ ಎನ್ನುತ್ತಾರೆ. ಅದಿರಲಿ, ‘ತಕ್ಕದ್ದು’ ಸರ್ಕಾರಿ ಗೆಜೆಟ್ಟಿನ ಹೊರಗೆ ಯಾರ ಬಾಯಲ್ಲಿದೆ? ಫಲಕದ ಮುಂದೆ ನಿಂತ ಅಜ್ಜಿಗೆ ತಕ್ಕದ್ದು ಎಂದರೆ ಯೋಗ್ಯವಾದದ್ದು. ‘ತರಲೇಬೇಕು’ ಎಂದು ಹಾಕಿ.

— ಮಲ್ಲೇಶ್ವರ

*

ಅಜ್ಜಿಯ ಮಾತು ಒಪ್ಪಿದೆ, ‘ಲೇ’ ಒಪ್ಪಲಾರೆ. ‘ಸಾಧ್ಯವಾದ ಮಟ್ಟಿಗೆ’ ಎಂಬ ಷರತ್ತಿರುವ ವಾಕ್ಯಕ್ಕೆ ‘ಲೇ’ ಸೇರಿಸಿದರೆ ಷರತ್ತಿಗೆ ಅರ್ಥವೇ ಉಳಿಯುವುದಿಲ್ಲ. ‘ತರಬೇಕು’ ಎಂದಿಷ್ಟೇ ಬರೆದು ಮುದ್ರಣಕ್ಕೆ ಕಳುಹಿಸಿ.

— ಬಸವನಗುಡಿ