ಕೊಳ ‘ಹೆಪ್ಪುಗಟ್ಟುತ್ತದೋ’, ‘ಕೆನೆಗಟ್ಟುತ್ತದೋ’?

ಗೆಳೆಯರೇ,

ನಾನಿರುವುದು ಅಮೆರಿಕದ ಮಿನೆಸೋಟಾದಲ್ಲಿ. ಹಿತ್ತಿಲಲ್ಲಿ ನಾಲ್ಕಡಿ ಆಳದ ಪುಟ್ಟ ಕೊಳ, ಅದರಲ್ಲಿ ಕೊಯಿ ಮತ್ತು ಗೋಲ್ಡ್‌ಫಿಶ್ ಮೀನುಗಳು. ಈ ಚಳಿಗಾಲದಲ್ಲಿ ಮೈಸೂರಿನಿಂದ ಅಮ್ಮ ಬಂದಿದ್ದಾರೆ. ಆಫೀಸಿಗೆ ಹೊರಡುವಾಗ ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದ್ದೆ: ‘ಕೊಳ ಹೆಪ್ಪುಗಟ್ಟಬಾರದು. ಹೀಟರ್ ನಿಂತಿದ್ದರೆ ಫೋನ್ ಮಾಡು.’

ಹತ್ತು ಗಂಟೆಗೇ ಫೋನ್ ಬಂತು. “ಹೀಟರ್ ಕೆಟ್ಟಿದೆ ಕಣೋ, ಕೊಳ ಪೂರ್ತಿ ಬೆಳ್ಳಗಾಗಿದೆ. ಒಡೆದುಬಿಡ್ಲಾ?” ಲಟ್ಟಣಿಗೆ ಆಗಲೇ ಕೈಯಲ್ಲಿತ್ತಂತೆ!

ಹೀಟರ್ ಕೆಟ್ಟಿರಲಿಲ್ಲ. ತೇಲುವ ಈ ಹೀಟರ್ ಕೊಳವನ್ನು ಕಾಯಿಸುವುದಿಲ್ಲ, ತನ್ನ ಸುತ್ತ ತಟ್ಟೆಯಗಲದ ಒಂದು ತೂತನ್ನು ತೆರೆದಿಡುತ್ತದೆ, ಅಷ್ಟೇ. ತಳದಲ್ಲಿ ಕೊಳೆಯುವ ಎಲೆಗಳ ಗ್ಯಾಸ್ ಹೊರಗೆ ಹೋಗಿ, ಆಮ್ಲಜನಕ ಒಳಗೆ ಬಂದರೆ ಸಾಕು. 4 ಡಿಗ್ರಿಯ ನೀರೇ ಎಲ್ಲಕ್ಕಿಂತ ಭಾರ, ಅದು ತಳಕ್ಕೆ ಇಳಿಯುತ್ತದೆ. ಮೀನುಗಳು ಅಲ್ಲೇ ತಿನ್ನದೆ, ಹೆಚ್ಚು ಅಲ್ಲಾಡದೆ ಚಳಿಗಾಲ ಕಳೆಯುತ್ತವೆ. ಐಸನ್ನು ಕುಟ್ಟಿದರೆ ಆ ಪೆಟ್ಟು ನೀರೊಳಗೆ ಹಾಯ್ದು ಮೀನಿಗೇ ಅಪಾಯ. ತೂತು ಮುಚ್ಚಿಹೋದರೆ ಬಿಸಿನೀರಿನ ಪಾತ್ರೆಯನ್ನು ಐಸ್ ಮೇಲೆ ಇಟ್ಟು ಕರಗಿಸಬೇಕು.

ಸಂಜೆ ಅಮ್ಮ ನನ್ನನ್ನೇ ತರಾಟೆಗೆ ತೆಗೆದುಕೊಂಡರು. “ಹೆಪ್ಪುಗಟ್ಟೋದು ಅಂದ್ರೆ ಮೊಸರಿನ ಥರ, ತಳದವರೆಗೂ. ಇದು ಕೆನೆಗಟ್ಟಿರೋದು. ಹಾಗಂತ ಬರೀಬೇಕಿತ್ತು.”

ಮಾತು ಸರಿ ಅನ್ನಿಸಿತು. ಹಾಲಿಗೆ ಹೆಪ್ಪು ಹಾಕಿದರೆ ಇಡೀ ಪಾತ್ರೆ ಗಟ್ಟಿಯಾಗುತ್ತದೆ, ಕೆನೆ ಮೇಲಷ್ಟೇ. ಚಳಿಗೆ ಗಟ್ಟಿಯಾಗುವುದಕ್ಕೆ ನಮ್ಮಲ್ಲಿ ಇನ್ನೊಂದು ಮಾತಿದೆ, ತುಪ್ಪ ‘ಹೆರೆಯುವುದು’. ಹೆರೆದುಪ್ಪ ಅನ್ನುತ್ತೇವಲ್ಲ, ಅದೇ. ಹೆಪ್ಪು ಬೇಡ, ಬರೀ ಚಳಿ ಸಾಕು, ಬಿಸಿ ತಾಗಿದರೆ ಮತ್ತೆ ಕರಗುತ್ತದೆ. ಅರ್ಥಕ್ಕೆ ಇದೇ ಹತ್ತಿರ. ಆದರೆ ನೀರು ಹೆರೆಯಿತು ಅಂತ ಯಾರ ಬಾಯಲ್ಲೂ ನಾನು ಕೇಳಿಲ್ಲ. ‘ಮಂಜುಗಟ್ಟು’ ಅಂದರೆ ನನಗೆ ಕನ್ನಡಕದ ಗಾಜು ನೆನಪಾಗುತ್ತದೆ. ಕೆನೆಗೂ ಒಂದು ತಕರಾರು ಇದೆ. ಇಲ್ಲಿಯ ಕೆರೆಗಳಲ್ಲಿ ಐಸ್ ಒಂದಡಿಗಿಂತ ಜಾಸ್ತಿ ದಪ್ಪವಾಗಿ, ಜನ ಅದರ ಮೇಲೆ ಕೂತು ಗಾಳ ಹಾಕುತ್ತಾರೆ. ಅಷ್ಟು ದಪ್ಪದ ಕೆನೆ ಯಾವ ಹಾಲಲ್ಲಿ ಸಿಗುತ್ತದೆ, ಅಲ್ವಾ?

ಇನ್ನು ಆ ತೂತಿಗೆ ಏನನ್ನೋಣ? ಬೆಳಕಿಂಡಿಯ ಹಾಗೆ ‘ಉಸಿರುಗಿಂಡಿ’ ಅಂತ ಹೊಳೆಯಿತು, ಆದರೆ ಗಿಂಡಿ ಅಂದಾಗ ಪೂಜೆಯ ಪಾತ್ರೆ ಕಣ್ಣಿಗೆ ಬರುತ್ತದೆ. ಬೇಲಿಯ ಕಂಡಿಯನ್ನು ಹಿಡಿದು ‘ಉಸಿರುಗಂಡಿ’ ಅಂದರೆ? ಸದ್ಯಕ್ಕೆ ಹೊಸ ಚೀಟಿಯಲ್ಲಿ ಹೀಗೆ ಬರೆದಿದ್ದೇನೆ: ‘ಕೊಳ ಕೆನೆಗಟ್ಟಿದರೆ ಪರವಾಗಿಲ್ಲ, ಉಸಿರುಗಂಡಿ ಮುಚ್ಚಬಾರದು.’ ಅಮ್ಮನಿಗೆ ಅರ್ಥವಾಗಿದೆ. ನಿಮಗೆ ಆಯಿತಾ? ನಿಮ್ಮ ಕಡೆ ಬೇರೆ ಮಾತಿದ್ದರೆ ತಿಳಿಸಿ.