ಹಾಲು ಬಿಡಿಸಿದ ಹಂದಿಮರಿಗೆ ಗಂಜಿ, ಬೆಲ್ಲ ಕೊಡಬಹುದೇ?

ಪ್ರಶ್ನೆ (ಕಾರವಾರದ ಸಾಕಣೆದಾರ): ಡಾಕ್ಟರೇ, ಒಂಬತ್ತು ಮರಿಗಳನ್ನು 30 ದಿನಕ್ಕೆ ತಾಯಿಯಿಂದ ಬೇರೆ ಮಾಡಿದೆವು. ಒಣ ಹಿಂಡಿಯನ್ನು ಮೂಸಿ ಬಿಡುತ್ತವೆ, ನೀರಿನಲ್ಲಿ ಕಲಸಿದರೆ ಕುಡಿಯುತ್ತವೆ. ಅದಕ್ಕೆ ಹಾಲಿನ ಪುಡಿ ಬೆರೆಸುತ್ತಿದ್ದೇನೆ, ಖರ್ಚು ತಾಳಲಾಗುತ್ತಿಲ್ಲ. ಬದಲಿಗೆ ಅನ್ನದ ಗಂಜಿಗೆ ಅಂಕೋಲೆಯ ಬೆಲ್ಲ ಹಾಕಿ ಕೊಡಲೇ?

ಉತ್ತರ (ಪಶುವೈದ್ಯ): ಈ ವಯಸ್ಸಿಗೆ ಕೊಡಬಹುದು. ವಯಸ್ಸು ಎಂದು ಒತ್ತಿ ಹೇಳಲು ಕಾರಣವಿದೆ. ಹುಟ್ಟಿದ ಮರಿಯ ಕರುಳಿನಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಧಾರಾಳವಾಗಿರುತ್ತದೆ. ಬೆಲ್ಲದ ಸುಕ್ರೋಸನ್ನು ಒಡೆಯುವ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ. ತಾಯಿ ಸತ್ತ ಎಳೆ ಮರಿಗೆ ಕನಿಕರದಿಂದ ಬೆಲ್ಲದ ನೀರು ಕುಡಿಸುವವರಿದ್ದಾರೆ. ಮೊದಲ ವಾರದಲ್ಲಿ ಅದು ಜೀರ್ಣವಾಗದೆ ಭೇದಿ ಹಿಡಿದು ಮರಿ ಸಾಯಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಗ್ಲೂಕೋಸ್ ಒಡೆಯಬೇಕಾದ ಸಕ್ಕರೆಯಲ್ಲ, ಹಾಗಾಗಿ ಆ ವಯಸ್ಸಿಗೂ ನಡೆಯುತ್ತದೆ.

ನಾಲ್ಕು ವಾರ ದಾಟಿದ ನಿಮ್ಮ ಮರಿಗಳಲ್ಲಿ ಸುಕ್ರೋಸ್, ಪಿಷ್ಟ ಎರಡನ್ನೂ ಅರಗಿಸುವ ಶಕ್ತಿ ಬರುತ್ತಿದೆ. ನನ್ನ ಮೆಚ್ಚಿನ ಆಯ್ಕೆ ಅಕ್ಕಿ ನುಚ್ಚು. ಮೆತ್ತಗೆ ಬೇಯಿಸಿದರೆ ಪಿಷ್ಟ ಅರಳುತ್ತದೆ, ನಾರೂ ಕಡಿಮೆ. ಬೆಲ್ಲ ರುಚಿಗೆ ಒಂದಿಷ್ಟು ಸಾಕು. ಹಾಲಿನ ಪುಡಿಯನ್ನು ಒಮ್ಮೆಗೇ ನಿಲ್ಲಿಸದೆ ಹತ್ತು ದಿನಗಳಲ್ಲಿ ಇಳಿಸುತ್ತ ಬನ್ನಿ.

ಗಂಜಿಯೊಂದನ್ನೇ ನಂಬಿದರೆ ಮರಿ ಹೊಟ್ಟೆ ಉಬ್ಬಿಸಿಕೊಂಡು ಕುಳ್ಳಾಗಿಯೇ ಉಳಿಯುತ್ತದೆ. ಮರಿಯ ಆಹಾರದಲ್ಲಿ ಸುಮಾರು 20 ಪ್ರತಿಶತ ಪ್ರೋಟೀನ್ ಬೇಕು. ಅಕ್ಕಿಯಲ್ಲಿರುವುದು 7ರ ಆಸುಪಾಸು. ಮರಿಗಳ ಹಿಂಡಿಯನ್ನು ಬಿಡಬೇಡಿ, ಅದನ್ನೇ ಗಂಜಿಯಲ್ಲಿ ಕಲಸಿ. ನಮ್ಮ ಕರಾವಳಿಯ ಸೆಕೆಗೆ ಗಂಜಿ ಬೇಗ ಕೆಡುತ್ತದೆ. ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಕೊಟ್ಟು, ಪ್ರತಿ ಸಲವೂ ತೊಟ್ಟಿ ತೊಳೆಯಿರಿ. ಕುಡಿಯುವ ನೀರು ಬೇರೆಯಾಗಿಯೇ ಇರಲಿ.

ಪ್ರಶ್ನೆ (ಶಿರಸಿಯಿಂದ): ಸರ್, ನಮ್ಮಲ್ಲಿ ಮರಗೆಣಸು ಬೇಕಾದಷ್ಟಿದೆ. ಅದು ಆಗುತ್ತದೆಯೇ?

ಉತ್ತರ: ಹಸಿಯದು ಬೇಡವೇ ಬೇಡ, ಅದರಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ಸಿಪ್ಪೆ ತೆಗೆದು, ಹೆಚ್ಚಿ, ಮುಚ್ಚಳವಿಲ್ಲದೆ ಚೆನ್ನಾಗಿ ಬೇಯಿಸಿ ಆ ನೀರನ್ನು ಚೆಲ್ಲಿ. ಪ್ರೋಟೀನ್ ಅಕ್ಕಿಗಿಂತಲೂ ಕಡಿಮೆ. ಹಾಲು ಬಿಡಿಸಿದ ಹೊಸತರಲ್ಲಿ ಅಕ್ಕಿಯೇ ಇರಲಿ, ಮರಿ ಚೇತರಿಸಿಕೊಂಡ ಮೇಲೆ ಇದನ್ನು ಆರಂಭಿಸಿ.

ಪ್ರಶ್ನೆ (ಕಾರವಾರದವರೇ): ಒಂದು ಮರಿ ಬೆಳಗ್ಗೆಯಿಂದ ನೀರುನೀರಾಗಿ ಭೇದಿ ಮಾಡುತ್ತಿದೆ.

ಉತ್ತರ: ಬೆಲ್ಲ ಹಾಕಬೇಡಿ. ಆ ಮರಿಯನ್ನು ಬೇರೆ, ಬೆಚ್ಚಗಿನ ಜಾಗದಲ್ಲಿಟ್ಟು ಓಆರ್‌ಎಸ್ ಕುಡಿಸಿ. ಕುಡಿಯದೆ ಮಲಗಿದರೆ ಅಥವಾ ರಕ್ತ ಕಂಡರೆ ನಾಳೆಗೆಂದು ಕಾಯದೆ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಉಳಿದ ಎಂಟು ಮರಿಗಳ ಸಗಣಿ ಹೇಗಿದೆ ಎಂದು ಸಂಜೆ ಇಲ್ಲಿ ಬರೆಯಿರಿ, ನೋಡುತ್ತೇನೆ.