ವೈ = ವಿಎಕ್ಸ್ ಹಾಕಿ ಪೂರ್ತಿ ಬಿಡಿಸಬೇಕಾ, ಶಾರ್ಟ್‌ಕಟ್ ಸಾಕಾ?

ಗುಬ್ಬಿ: ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ. ಹೋಮೋಜೀನಿಯಸ್ ಡಿಫರೆನ್ಷಿಯಲ್ ಈಕ್ವೇಷನ್‌ಗೆ, ಅಂದರೆ ಡಿವೈ/ಡಿಎಕ್ಸ್ ಬರೀ ವೈ/ಎಕ್ಸ್ ಮೇಲೆ ನಿಂತ ಲೆಕ್ಕಕ್ಕೆ, ವೈ/ಎಕ್ಸ್ = ವಿ, ಡಿವೈ/ಡಿಎಕ್ಸ್ = ಎಫ್(ವಿ) ಇಟ್ಟು ಟ್ಯೂಷನ್‌ನಲ್ಲಿ ಡಿವಿ/(ಎಫ್(ವಿ) − ವಿ) = ಡಿಎಕ್ಸ್/ಎಕ್ಸ್ ಅಂತ ನೇರವಾಗಿ ಬಾಯಿಪಾಠ ಮಾಡಿಸಿದ್ದಾರೆ. ಪರೀಕ್ಷೆಗೆ ಇನ್ನು ಹದಿನೈದೇ ದಿನ. ಅದನ್ನೇ ನಂಬಲಾ?

ಶಿರಾ: ನಂಬಬೇಡಮ್ಮ. ನಾನು ನಂಬಿ ಕೆಟ್ಟೆ. ತುಮಕೂರಿನ ಟ್ಯೂಷನ್‌ಗೆ ಅಪ್ಪ 14,000 ಕಟ್ಟಿದ್ದರು, ಎರಡು ಕಂತಿನಲ್ಲಿ. ಎರಡನೇ ಕಂತು ಕಡ್ಲೆಕಾಯಿ ಮಾರಿದ ದುಡ್ಡು. ಪರೀಕ್ಷೆಯಲ್ಲಿ (ಎಕ್ಸ್² + ವೈ²) ಡಿಎಕ್ಸ್ = 2ಎಕ್ಸ್‌ವೈ ಡಿವೈ ಬಂತು. ಎಫ್(ವಿ) ಅಂದರೆ (1 + ವಿ²)/2ವಿ. ಅದರಲ್ಲಿ ವಿ ಕಳೆದರೆ ಮೇಲೆ 2ವಿ² ಹೋಗಬೇಕು. ನಾನು ಆತುರದಲ್ಲಿ ಬರೀ ವಿ ಕಳೆದೆ. (1 − ವಿ²)/2ವಿ ಬರುವ ಕಡೆ (1 + ವಿ² − ವಿ)/2ವಿ ಬಂತು. ಒಂದೂವರೆ ಪುಟ ಗುದ್ದಾಡಿದೆ, ಇಪ್ಪತ್ತೈದು ನಿಮಿಷ ಹೋಯಿತು. ಮನೆಗೆ ಬಂದು ನಿಧಾನವಾಗಿ ಮಾಡಿದರೆ ಏಳೇ ಸಾಲು: ಎಕ್ಸ್² − ವೈ² = ಸಿಎಕ್ಸ್ (ಸಿ ಅಂದರೆ ಕಾನ್‌ಸ್ಟಂಟ್).

ಚಿಂತಾಮಣಿ: ಕಳೆಯಲು ತಪ್ಪಿದ್ದು ನೀವು, ಸೂತ್ರ ಏನು ಮಾಡಿತು? ನನ್ನ ತಮ್ಮ ಪೂರ್ತಿ ವಿಧಾನದಲ್ಲೇ ಬರೆದ. ಡಿವೈ/ಡಿಎಕ್ಸ್ = ವಿ + ಎಕ್ಸ್ ಡಿವಿ/ಡಿಎಕ್ಸ್ ಅಲ್ವಾ, ಆ ಮೊದಲ ವಿ ಬಿಟ್ಟ. ಪ್ರಾಡಕ್ಟ್ ರೂಲ್ (ಗುಣಲಬ್ಧದ ಡೆರಿವೇಟಿವ್ ತೆಗೆಯುವ ನಿಯಮ) ಮರೆತರೆ ಯಾವ ದಾರಿಯೂ ಕಾಯುವುದಿಲ್ಲ. ಸಿಇಟಿಯಲ್ಲಿ ನನ್ನ ಕೈ ಹಿಡಿದದ್ದು ಇದೇ ಶಾರ್ಟ್‌ಕಟ್.

ಶಿರಾ: ಸಿಇಟಿಯಲ್ಲಿ ಸರಿ ಉತ್ತರದ ಗುಂಡು ತುಂಬಿದರೆ ಮುಗಿಯಿತು. ಬೋರ್ಡ್ ಪರೀಕ್ಷೆಯಲ್ಲಿ ಹೆಜ್ಜೆಗೆ ಅಂಕ. ಅಪ್ಪನ ದುಡ್ಡು ಹೋದ ಸಂಕಟ ನಿಮಗೇನು ಗೊತ್ತು?

ಕೋಲಾರ: ಭಾಗಿಸುವ ಮೊದಲು ಎಫ್(ವಿ) − ವಿ ಸೊನ್ನೆ ಆಗುತ್ತದಾ ಅಂತ ಇಬ್ಬರೂ ನೋಡಿಲ್ಲ. ಡಿವೈ/ಡಿಎಕ್ಸ್ = ವೈ/ಎಕ್ಸ್ + (ವೈ/ಎಕ್ಸ್)² ತೆಗೆದುಕೊಳ್ಳಿ. ಎಕ್ಸ್ ಡಿವಿ/ಡಿಎಕ್ಸ್ = ವಿ² ಬರುತ್ತದೆ. ವಿ² ಇಂದ ಭಾಗಿಸಿದ ಕೂಡಲೇ ವಿ = 0, ಅಂದರೆ ವೈ = 0 ಅನ್ನುವ ಉತ್ತರ ಕೈತಪ್ಪುತ್ತದೆ. ಎಂಎಸ್ಸಿ ಪ್ರವೇಶ ಪರೀಕ್ಷೆಯಲ್ಲಿ ನನಗೆ ಸೀಟು ತಪ್ಪಿದ್ದು ಇಂಥ ಒಂದೇ ಪ್ರಶ್ನೆಗೆ. ಆರು ವರ್ಷ ಆಯಿತು, ಇನ್ನೂ ಕಣ್ಣ ಮುಂದಿದೆ.

ಚಿಂತಾಮಣಿ: ಪಿಯುಸಿ ಹುಡುಗಿಯನ್ನು ಸುಮ್ನೆ ಯಾಕೆ ಹೆದರಿಸುತ್ತೀರಿ ಸಾರ್?

ಕೋಲಾರ: ಹೆದರಿಸುತ್ತಿಲ್ಲ. ನನಗೆ ಯಾರೂ ಹೇಳಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ತಿಪಟೂರು: ಇ ಮೇಲೆ ಎಕ್ಸ್/ವೈ ಘಾತ ಇದ್ದರೆ ಎಕ್ಸ್ = ವಿವೈ ಹಾಕಿ. ನಾನು ಹಠ ಹಿಡಿದು ವೈ = ವಿಎಕ್ಸ್ ಹಾಕಿ ಮೂರು ಹಾಳೆ ಕೆಡಿಸಿದೆ. ಅಂದ ಹಾಗೆ, 14,000 ಜಾಸ್ತಿ ಆಯಿತು. ನಮ್ಮಲ್ಲಿ 6,000 ಇತ್ತು.

ಶಿರಾ: ಯಾವ ವರ್ಷದ ಮಾತು? ಈಗ ಕೇಳಿ ನೋಡಿ.